ಪರಿಚಯವಿಲ್ಲದವರಿಗೆ ಸರ್ಕಾರಿ ಬೋಟು

ಹರಿಹರದ ಸೇತುವೆಯಿಂದ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಹತ್ತು ಮೈಲಿ ನಡೆದರೆ ಗೋವಿನಕಟ್ಟೆ ಸಿಗುತ್ತದೆ. ಎದುರು ದಡದಲ್ಲಿ ಹಿರೇಮಳಲಿ. ನಡುವೆ ತುಂಗಭದ್ರೆ. ಐವತ್ತಾರನೆಯ ಇಸವಿಯ ನವೆಂಬರ್ ತನಕ ಈ ದಡ ಮೈಸೂರು ರಾಜ್ಯ, ಆ ದಡ ಮುಂಬೈ ರಾಜ್ಯ. ಹೊಳೆಯ ನಡುವೆ ಎಲ್ಲೋ ಒಂದು ಗಡಿ ಇದೆಯೆಂದು ಎರಡೂ ಊರಿನವರು ಕೇಳಿದ್ದರೇ ಹೊರತು ಯಾರೂ ಕಣ್ಣಾರೆ ಕಂಡಿರಲಿಲ್ಲ. ದಿನಕ್ಕೆ ಎಂಟು ಹತ್ತು ಸಲ ಅದನ್ನು ದಾಟುತ್ತಿದ್ದ ಅಂಬಿಗರ ಮೈಲಪ್ಪನಿಗೂ ಅದು ಇಂಥಲ್ಲೇ ಇದೆ ಎಂದು ಹೇಳಲು ಬರುತ್ತಿರಲಿಲ್ಲ.

ಮೈಲಪ್ಪನದು ಎಮ್ಮೆಯ ತೊಗಲು ಬಿಗಿದ ದೊಡ್ಡ ಹರಿಗೋಲು. ಅವನಪ್ಪ ಹಾಕುತ್ತಿದ್ದ ಹುಟ್ಟನ್ನು ಹದಿನೈದನೆಯ ವಯಸ್ಸಿಗೆ ಕೈಗೆ ತೆಗೆದುಕೊಂಡವನು ಮೂವತ್ತು ವರ್ಷದಿಂದ ಕೆಳಗಿಟ್ಟಿರಲಿಲ್ಲ. ದಾಟಿಸಿದ್ದಕ್ಕೆ ಯಾರಿಂದಲೂ ಕಾಸು ಕೇಳುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಒಂದೊಂದು ಕಣದವರೂ ಒಂದು ಮೊರ ತುಂಬ ಕಾಳು ಸುರಿಯುತ್ತಿದ್ದರು. ಅದಕ್ಕೆ ಹೊಳೆಯ ಆಯ ಎಂದು ಹೆಸರು. ಈ ದಡದಲ್ಲಿ ಭತ್ತ, ರಾಗಿ. ಆ ದಡದಲ್ಲಿ ಜೋಳ. ಹೀಗಾಗಿ ಅವನ ಮನೆಯಲ್ಲಿ ಒಂದು ಹೊತ್ತು ಮುದ್ದೆ, ಒಂದು ಹೊತ್ತು ರೊಟ್ಟಿ. ಹೆಂಡತಿ ಉಡಚಮ್ಮನೂ ಹಿರೇಮಳಲಿಯವಳೇ. ಗೋವಿನಕಟ್ಟೆಯಲ್ಲಿ ಹತ್ತು ಸೊಸೆಯರು ಆ ದಡದಿಂದ ಬಂದವರು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಹೆಣ್ಣುಮಕ್ಕಳು ಆ ದಡಕ್ಕೆ ಹೋದವರು. ದಿಬ್ಬಣಗಳೆಲ್ಲ ಮೈಲಪ್ಪನ ಹರಿಗೋಲಿನಲ್ಲೇ ದಾಟಿದ್ದವು. ಈ ಕಡೆ ಒಬ್ಬನ ಎತ್ತು ಕಾಲು ಮುರಿದುಕೊಂಡರೆ ಆ ಕಡೆಯವನ ಎತ್ತು ಈಜಿ ಬಂದು ಉತ್ತು ಹೋಗುತ್ತಿತ್ತು. ಇದಕ್ಕೆಲ್ಲ ಯಾವ ಸಮಿತಿಯೂ ಇರಲಿಲ್ಲವಾದ್ದರಿಂದ ಕೆಲಸ ಸಲೀಸಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ರಾಜ್ಯಗಳು ಒಂದಾದವು. ಗಡಿ ಹೋಯಿತು ಎಂದು ಹರಿಹರದಲ್ಲಿ ಬಾವುಟ ಹಾರಿಸಿದರು, ದಾವಣಗೆರೆಯಲ್ಲಿ ಮೆರವಣಿಗೆ ತೆಗೆದರು. ಒಳ್ಳೆಯದೇ ಆಯಿತು. ಆದರೆ ಒಂದಾದವರನ್ನು ಒಂದುಗೂಡಿಸಬೇಕೆಂಬ ಹೊಸ ಕೆಲಸ ಹುಟ್ಟಿಕೊಂಡಿತು. ಮರುವರ್ಷವೇ ‘ಪ್ರಾಂತ ಬಾಂಧವ್ಯ ಯೋಜನೆ’ ಎಂಬುದು ಬಂತು. ಹಳೆಯ ಗಡಿಯ ಎರಡೂ ಬದಿಯ ಊರುಗಳಿಗೆ ಪರಸ್ಪರ ಪರಿಚಯ ಮಾಡಿಸುವುದು ಅದರ ಉದ್ದೇಶ. ಹೊಳೆ ಅಡ್ಡವಿದ್ದರೆ ಎಂಜಿನ್ನಿನ ಬೋಟು ಕೊಡುತ್ತಾರಂತೆ. ಅಂಥ ಬೋಟು ಇದ್ದದ್ದು ಒಂದೇ. ಕೇಳುವ ಊರುಗಳು ಇಪ್ಪತ್ತು. ಹಾಗಾಗಿ, ಈವರೆಗೆ ಒಬ್ಬರ ಮುಖವನ್ನೊಬ್ಬರು ನೋಡದ ಊರುಗಳಿಗೆ ಮೊದಲ ಆದ್ಯತೆ ಎಂದು ಅರ್ಜಿಯ ನಮೂನೆಯಲ್ಲೇ ಅಚ್ಚಾಗಿತ್ತು.

ಈ ಸುದ್ದಿ ತಂದವರು ದಾವಣಗೆರೆ ಮಂಡಿಪೇಟೆಯ ಹತ್ತಿ ವ್ಯಾಪಾರಿ ಹಾಲೇಶಪ್ಪನವರು. ಅವರು ಯೋಜನೆಯ ಸಮಿತಿಗೆ ಕಾರ್ಯದರ್ಶಿ. ಮಂಡಿಯಲ್ಲಿ ಹತ್ತಿಯ ಅಂಡಿಗೆಗಳಿಗೆ ಒರಗಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗಲೂ ಅವರ ಮಾತು ಭಾಷಣದಂತೆಯೇ ಇರುತ್ತಿತ್ತು. ಹಿರೇಮಳಲಿಯ ಹತ್ತಿ ಬೋಟಿನಲ್ಲಿ ನೆಟ್ಟಗೆ ಈ ದಡಕ್ಕೆ ಬಂದರೆ ತಮ್ಮ ಮಂಡಿಗೆ ಅನುಕೂಲ ಎಂಬುದು ಅವರ ಮನಸ್ಸಿನಲ್ಲಿ ಇರಲೇ ಇಲ್ಲ ಎಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು.

ಗೋವಿನಕಟ್ಟೆಯ ಪಂಚಾಯ್ತಿ ಅಧ್ಯಕ್ಷ ಗುಡ್ಡಪ್ಪಗೌಡರು ಮೈಲಪ್ಪನನ್ನೂ ಕರೆದುಕೊಂಡು ಮಂಡಿಗೆ ಹೋದರು. ಹಾಲೇಶಪ್ಪನವರು ಅರ್ಜಿಯನ್ನು ಓದಿ ಹೇಳಿ, ಕನ್ನಡಕ ತೆಗೆದು, ಮೈಲಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

"ಗೌಡ್ರೆ, ನಿಮ್ಮೂರಿಗೆ ಬೋಟು ಬರ್ದಂಗೆ ಅಡ್ಡ ನಿಂತಿರೋನು ಇವನೊಬ್ನೇ ನೋಡ್ರಿ. ಇವನು ಇದ್ರೆ ಹರಿಗೋಲು ಐತೆ ಅಂತಾತು. ಹರಿಗೋಲು ಇದ್ರೆ ಜನ ದಾಟ್ತಾರೆ ಅಂತಾತು. ದಾಟ್ತಾರೆ ಅಂದ್ರೆ ಪರಿಚಯ ಐತೆ ಅಂತಾತು. ಪರಿಚಯ ಇದ್ರೆ ಬಾಂಧವ್ಯ ಎಲ್ಲಿಂದ ಬರ್ಬೇಕು?"

"ಹಂಗಾದ್ರೆ ನಾನೇನು ಮಾಡ್ಲಿ ಸಾವ್ಕಾರ್ರೆ? ಹೊಳಿಗೆ ಹಾರ್ಲಾ?" ಎಂದು ಮೈಲಪ್ಪ ಕೇಳಿದ.

"ಹಾರೋದು ಬ್ಯಾಡ. ಹೆಬ್ಬೆಟ್ಟು ಒತ್ತು ಸಾಕು. ‘ನಾನು ಈ ಊರಿನ ಅಂಬಿಗರ ಪೈಕಿ, ಹೊಳೆ ಬಲ್ಲವನು, ಈ ದಡದಿಂದ ಆ ದಡಕ್ಕೆ ಯಾರೂ ದಾಟಿದ್ದನ್ನ ಕಂಡಿಲ್ಲ’ ಅಂತ. ಬೋಟು ಬಂದ ಮೇಲೆ ಅದನ್ನ ನಡೆಸೋನು ಯಾರು? ನೀನೇ. ಖಾಕಿ ಅಂಗಿ, ತಿಂಗಳ ಪಗಾರ, ಮುದುಕ ಆದ ಮೇಲೆ ಪಿಂಚಣಿ. ಮೊರ ಹಿಡ್ಕೊಂಡು ಕಣಕಣ ತಿರುಗೋದು ತಪ್ತೈತೆ."

ಖಾಕಿ ಅಂಗಿ ಎಂಬ ಮಾತು ಮೈಲಪ್ಪನಿಗೆ ಹಿಡಿಸಿಬಿಟ್ಟಿತು. ನಲವತ್ತೈದು ವರ್ಷಕ್ಕೇ ಅವನ ಭುಜದ ಕೀಲುಗಳು ಮಳೆಗಾಲದಲ್ಲಿ ನೋಯಲು ಶುರುವಾಗಿದ್ದವು. ಎಂಜಿನ್ನು ತಾನೇ ಓಡುತ್ತದೆ, ಹಿಡಿ ಹಿಡಿದು ಕೂತರೆ ಸಾಕು ಎಂದು ಗೌಡರು ಬೇರೆ ಹೇಳಿದರು. ಅಲ್ಲೇ ಹತ್ತಿಯ ಅಂಡಿಗೆಯ ಮೇಲೆ ಕಾಗದವಿಟ್ಟು ಹೆಬ್ಬೆಟ್ಟು ಒತ್ತಿದ.

ಮನೆಗೆ ಬಂದು ಹೇಳಿದಾಗ ಉಡಚಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರೂ ದಾಟಿಲ್ಲ ಅಂತ ಬರದ್ರೇನು? ಹಂಗಾದ್ರ ನಾ ಈ ಮನಿಗೆ ಹೆಂಗ ಬಂದೆ? ಈಜಿಕೊಂತ ಬಂದ್ನೇನು?"

"ಕಾಗದ ಅಷ್ಟೇ ಕಣೇ. ಕಾಗದಕ್ಕೇನು ಹೊಳೆ ಗೊತ್ತೈತಾ?"

"ಕಾಗದಕ್ಕ ಹೊಳಿ ಗೊತ್ತಿಲ್ಲ ಖರೆ. ಹೊಳಿಗೂ ಕಾಗದ ಗೊತ್ತಿಲ್ಲ. ನಡುವ ನಿಂತೋರು ನೀವು. ಎರಡೂ ದಂಡಿಯಾಗ ನಿಮ್ಮನ್ನ ನಮ್ಮವ ಅಂತಾರ. ಅದೊಂದ ನಮ್ಮ ಆಸ್ತಿ. ಅದನ್ನ ಕಳಕೊಂಡ್ರ ಖಾಕಿ ಅಂಗಿ ಹಾಕ್ಕೊಂಡು ಎಲ್ಲಿಗೆ ಹೋಗ್ತೀರಿ?"

ರೊಟ್ಟಿ ಒಣಗುತ್ತದೆ ನೋಡು ಎಂದು ಮೈಲಪ್ಪ ಮಾತು ತಿರುಗಿಸಿದ. ಅವಳು ಹೇಳಿದ್ದು ನಿಜ. ಹೊಲವಿಲ್ಲ, ಗದ್ದೆಯಿಲ್ಲ, ಇದ್ದದ್ದು ಎರಡು ದಡದ ಒಡನಾಟ. ಅದನ್ನು ಪಣಕ್ಕಿಟ್ಟಿದ್ದೇನೆ ಎಂಬುದು ಅವನಿಗೆ ಆಗ ಅಷ್ಟಾಗಿ ತಟ್ಟಲಿಲ್ಲ.

ಹದಿನೈದು ದಿನಕ್ಕೆ ಯೋಜನಾಧಿಕಾರಿ ಸ್ಥಳ ತನಿಖೆಗೆ ಬಂದರು. ಬೆಂಗಳೂರಿನ ಕಡೆಯ ಎಳೆಯ ಮನುಷ್ಯ. ಷೂಸಿಗೆ ಮರಳು ಹೊಗುತ್ತದೆಂದು ಹೆಜ್ಜೆ ಹೆಜ್ಜೆಗೂ ಕಾಲು ಕೊಡವುತ್ತಿದ್ದರು. ಹಿಂದಿನ ದಿನವೇ ಎರಡೂ ಊರುಗಳಲ್ಲಿ ತಯಾರಿ ಆಗಿತ್ತು. ಆ ದಡದವರು ನೀರಿಗೆ ಬರಬಾರದು, ಈ ದಡದವರು ಆ ದಡದ ಕಡೆ ನೋಡಬಾರದು. ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಸುತ್ತ ಹುಲ್ಲು ಒಟ್ಟಿ ಬಣವೆ ಮಾಡಿದ್ದರು. ತಯಾರಿ ಪಕ್ಕಾ ಇತ್ತು. ಊರ ನಾಯಿಗಳಿಗೆ ಹೇಳುವುದೊಂದನ್ನು ಮರೆತಿದ್ದರು. ತೊಗಲಿನ ವಾಸನೆಗೆ ಆರು ನಾಯಿಗಳು ಬಣವೆಯ ಸುತ್ತ ನಿಂತು ಅದನ್ನು ಕೆದರುತ್ತಿದ್ದವು.

"ಈ ನಾಯಿಗಳು ಯಾಕೆ ಹೀಗೆ ಮಾಡ್ತಿವೆ?" ಎಂದು ಅಧಿಕಾರಿ ಕೇಳಿದರು.

"ನಮ್ಮ ಕಡೆ ನಾಯಿಗಳಿಗೆ ಹುಲ್ಲು ಅಂದ್ರೆ ಪ್ರಾಣ ಸ್ವಾಮಿ," ಎಂದರು ಗೌಡರು.

ಅಧಿಕಾರಿ ಅದನ್ನೂ ಬರೆದುಕೊಂಡರು. ಪ್ರಾಂತದ ವೈಶಿಷ್ಟ್ಯ ಎಂಬ ಕಾಲಮು ಅವರ ನಮೂನೆಯಲ್ಲಿ ಖಾಲಿ ಇತ್ತು.

ಅದೇ ಹೊತ್ತಿಗೆ ಎದುರು ದಡದಲ್ಲಿ ಒಂದು ಬುಟ್ಟಿ ಹೊತ್ತು ಹಂಪವ್ವ ಬಂದು ನಿಂತಳು. ಹಂಪವ್ವ ಉಡಚಮ್ಮನ ತಾಯಿ. ವಾರದಿಂದ ಅಣ್ಣನ ಊರಿನಲ್ಲಿದ್ದವಳು ಆವತ್ತೇ ಮರಳಿದ್ದಳು. ಊರಿನ ಕಟ್ಟಪ್ಪಣೆ ಅವಳಿಗೆ ಗೊತ್ತಿರಲಿಲ್ಲ. ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ಮೈಲಪ್ಪೋ! ಹರಿಗೋಲು ತರ್ರೀ!"

ಅಧಿಕಾರಿ ತಲೆಯೆತ್ತಿದರು. ಗೌಡರು ಕಣ್ಣು ಮಿಟುಕಿಸದೆ, "ದನ ಕಾಯೋರು ಸ್ವಾಮಿ. ದನ ಕರೀತಾರೆ," ಎಂದರು.

ಹಂಪವ್ವ ಮತ್ತೆ ಕೂಗಿದಳು. ಮೂರನೆಯ ಸಲವೂ ಕೂಗಿದಳು. ಮೂವತ್ತು ವರ್ಷದಲ್ಲಿ ಆ ದಡದ ಕೂಗಿಗೆ ‘ಬಂದೇ’ ಎನ್ನದೆ ನಿಂತವನಲ್ಲ ಮೈಲಪ್ಪ. ಕಳ್ಳರು ಕೂಗಿದರೂ ಹೋಗಿದ್ದ, ಪೊಲೀಸರು ಕೂಗಿದರೂ ಹೋಗಿದ್ದ. ಈಗ ಮರಳು ನೋಡುತ್ತ ನಿಂತ. ಅವನಿಗೆ ನಾಚಿಕೆಯಾಯಿತು. ಖಾಕಿ ಅಂಗಿಯ ನೆನಪು ಮಾಡಿಕೊಂಡ. ಅದರಿಂದ ನಾಚಿಕೆ ಇನ್ನಷ್ಟಾಯಿತು. ಅಳಿಯ ಕಣ್ಣೆದುರೇ ನಿಂತಿದ್ದಾನೆ, ಓಗೊಡುತ್ತಿಲ್ಲ ಎಂಬುದು ಆ ಮುದುಕಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬುಟ್ಟಿ ಇಳಿಸಿ ಕೂತಳು. ಹೊತ್ತು ಇಳಿಯುವ ತನಕ ಕಾದು, ಎದ್ದು, ತಿರುಗಿ ನೋಡದೆ ಹೋದಳು.

ಆಮೇಲೆ ಮೈಲಪ್ಪ ಎರಡು ಸಲ ಹೋಗಿ ಕಾರಣ ಹೇಳಿ ನೋಡಿದ. ಹಂಪವ್ವ ಅವನಿಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ. ಮಗಳು ಬಂದರೆ ಉಣ್ಣಿಸಿ ಕಳಿಸುತ್ತಿದ್ದಳು. ತಾನು ಮಾತ್ರ ಅಳಿಯನ ಹರಿಗೋಲು ಹತ್ತುವುದಿಲ್ಲ ಎಂದು ಹಟ ಹಿಡಿದಳು.

ತನಿಖೆ ಪಾಸಾಯಿತು. ಇನ್ನು ಉಳಿದದ್ದು ಪರಿಚಯ ಸಮಾರಂಭ. ದಾವಣಗೆರೆಯಲ್ಲಿ ದೊಡ್ಡ ಪೆಂಡಾಲು ಹಾಕಿ ಎರಡೂ ಊರಿನವರನ್ನು ಲಾರಿಯಲ್ಲಿ ತುಂಬಿ ತಂದರು. ಹಿರೇಮಳಲಿಯವರನ್ನು ತರಲು ಲಾರಿ ಹರಿಹರದ ಸೇತುವೆ ದಾಟಿ ಸುತ್ತಿ ಬಂತು. ಗೋವಿನಕಟ್ಟೆಯವರ ಕಣ್ಣಿಗೆ ಬೀಳದಂತೆ ಅವರನ್ನು ಪೆಂಡಾಲಿನ ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟರು.

ಎಲ್ಲರ ಕೈಗೂ ಒಂದು ಕಿರುಪುಸ್ತಕ ಕೊಟ್ಟರು. ಅದರಲ್ಲಿ ಎರಡೂ ಪ್ರಾಂತದ ಜನರ ಗುಣಲಕ್ಷಣ ಬರೆದಿತ್ತು. ಆ ದಡದವರು ಜೋಳ ತಿನ್ನುವವರು, ಗಟ್ಟಿ ದನಿಯವರು, ನೇರ ನುಡಿಯವರು, ಸ್ವಲ್ಪ ಮುಂಗೋಪಿಗಳು. ಈ ದಡದವರು ರಾಗಿ ತಿನ್ನುವವರು, ಸೌಮ್ಯರು, ಮಿತಭಾಷಿಗಳು. ಆ ದಿನದವರೆಗೆ ತಾವು ಸೌಮ್ಯರೆಂದು ಗೋವಿನಕಟ್ಟೆಯವರಿಗೆ ಗೊತ್ತಿರಲಿಲ್ಲ. ಓದು ಬರುವವನೊಬ್ಬ ಗಟ್ಟಿಯಾಗಿ ಓದಿದ. ಕೇಳಿದವರು ಖುಷಿಯಿಂದ ಮೆತ್ತಗೆ ಮಾತಾಡಲು ಶುರು ಮಾಡಿದರು. ಮಧ್ಯಾಹ್ನ ಅನುಭವ ವಿನಿಮಯದ ಊಟ. ರೊಟ್ಟಿಯವರ ಎಲೆಗೆ ಮುದ್ದೆ, ಮುದ್ದೆಯವರ ಎಲೆಗೆ ರೊಟ್ಟಿ ಬಡಿಸಿ, ಮೊದಲ ತುತ್ತನ್ನು ಹೇಗೆ ಮುರಿಯುತ್ತಾರೆಂದು ಫೋಟೋ ತೆಗೆದರು. ಎಲ್ಲರೂ ಕಲಿಸಿಕೊಟ್ಟಂತೆ ಅನುಮಾನದಿಂದ ಮುರಿದರು.

ಹಾಲೇಶಪ್ಪನವರು ಒಂದೊಂದು ದಡದಿಂದಲೂ ಒಬ್ಬ ಹೆಣ್ಣುಮಗಳನ್ನು ವೇದಿಕೆಗೆ ಕರೆಸಿದ್ದರು. ಒಬ್ಬರಿಗೊಬ್ಬರು ಕುಂಕುಮ ಹಚ್ಚಿ ಪರಿಚಯ ಮಾಡಿಕೊಳ್ಳಬೇಕು. ಆ ದಡದಿಂದ ಇಳಕಲ್ ಸೀರೆ, ನತ್ತು ಇರುವ ಹಿರಿಯಳನ್ನು ಕಳಿಸಿ ಎಂದಿದ್ದರು. ಈ ದಡದಿಂದ ಜನರನ್ನು ಕಂಡು ಹೆದರದವಳನ್ನು ಕಳಿಸಿ ಎಂದಿದ್ದರು. ಪರದೆ ಸರಿದಾಗ ಒಂದು ಕಡೆಯಿಂದ ಉಡಚಮ್ಮ ಬಂದಳು. ಇನ್ನೊಂದು ಕಡೆಯಿಂದ ಹಂಪವ್ವ.

ತಾಯಿ ಬರುತ್ತಾಳೆಂದು ಮಗಳಿಗೆ ಗೊತ್ತಿರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಅಲ್ಲೇ ನಿಂತುಬಿಟ್ಟಳು. ಹಂಪವ್ವ ಮಾತ್ರ ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ಯಾವೂರವ್ವಾ ನಿಂದು? ನಾವು ನಿಮ್ಮನ್ನ ಎಂದೂ ನೋಡಿಲ್ಲ."

ಹೇಳುವಾಗ ಅವಳ ಕಣ್ಣು ಮಗಳ ಮೇಲಿರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಮೈಲಪ್ಪನ ಮೇಲಿತ್ತು. ಉಡಚಮ್ಮನಿಗೆ ಅಳು ತಡೆಯಲಾಗಲಿಲ್ಲ. ತಾಯಿಯ ಹಣೆಗೆ ಕುಂಕುಮ ಹಚ್ಚುತ್ತ ಬಿಕ್ಕಿಬಿಕ್ಕಿ ಅತ್ತಳು. ಹಾಲೇಶಪ್ಪನವರು ಧ್ವನಿವರ್ಧಕ ಕಿತ್ತುಕೊಂಡರು.

"ನೋಡ್ರಿ! ಮಹನೀಯರೇ, ನೋಡ್ರಿ! ಹಿಂದೆ ಕಂಡಿಲ್ಲ, ಕೇಳಿಲ್ಲ. ಮೊದಲನೇ ನೋಟದಲ್ಲೇ ಕಣ್ಣೀರು! ಇದು ನಾಡಿನ ಕರುಳಿನ ಕರೆ!"

ಪೆಂಡಾಲು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಬೆಂಗಳೂರಿನಿಂದ ಬಂದಿದ್ದ ದೊಡ್ಡವರೊಬ್ಬರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಬೋಟು ಗೋವಿನಕಟ್ಟೆಗೇ ಎಂದು ಅಲ್ಲೇ ಸಾರಿದರು. ಮೈಲಪ್ಪ ಚಪ್ಪಾಳೆ ಹೊಡೆಯಲಿಲ್ಲ. ಎದ್ದು ವೇದಿಕೆ ಹತ್ತಿ ಇವಳು ನನ್ನತ್ತೆ, ಇವಳು ನನ್ನ ಹೆಂಡತಿ ಎಂದು ಕೂಗಬೇಕೆನಿಸಿತು. ಆದರೆ ಪಕ್ಕದಲ್ಲಿ ಕೂತಿದ್ದ ಗೌಡರು ಅವನ ತೊಡೆಯ ಮೇಲೆ ಕೈಯಿಟ್ಟು ಅದುಮಿ ಹಿಡಿದಿದ್ದರು, ಅವನೂ ಕೂತೇ ಇದ್ದ.

ಮುಂದಿನ ಮಳೆಗಾಲಕ್ಕೆ ಬೋಟು ಬಂತು. ಬಿಳಿಯ ಬಣ್ಣ, ನೀಲಿ ಪಟ್ಟಿ, ಮೂತಿಗೆ ಹಾರ. ಹರಿಗೋಲು ಮತ್ತೆ ಹುಲ್ಲಿನ ಬಣವೆಯೊಳಗೆ ಸೇರಿತು. ಮೈಲಪ್ಪ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹರಿಹರದ ಯೋಜನಾ ಕಚೇರಿಗೆ ಹೋಗಿ ಚಾಲಕನ ಕೆಲಸ ಕೇಳಿದ. ಅಲ್ಲಿನ ಗುಮಾಸ್ತ ಒಳ್ಳೆಯ ಮನುಷ್ಯ, ಕೂರಿಸಿ ಕಡತ ತೆಗೆದು ನೋಡಿದ.

"ಅನುಭವ ಏನೈತೆ?"

"ಮೂವತ್ತು ವರ್ಷ ಹೊಳೆ ದಾಟ್ಸೀನಿ."

"ಎಲ್ಲಿ?"

"ಗೋವಿನಕಟ್ಟೆಯಾಗ."

ಗುಮಾಸ್ತ ಕಡತವನ್ನು ಅವನ ಕಡೆಗೆ ತಿರುಗಿಸಿದ. "ಗೋವಿನಕಟ್ಟೆಯಾಗೆ ಯಾರೂ ಎಂದೂ ಹೊಳೆ ದಾಟಿಲ್ಲ ಅಂತ ಐತಲ್ಲಪ್ಪ ಇಲ್ಲಿ. ಹೆಬ್ಬೆಟ್ಟು ಯಾರ್ದು?"

ಮೈಲಪ್ಪ ತನ್ನ ಹೆಬ್ಬೆರಳನ್ನು ಮಡಿಚಿ ಮುಷ್ಟಿಯೊಳಗೆ ಸೇರಿಸಿಕೊಂಡ.

"ನಂದೇ ರೀ."

"ಮತ್ತೆ ನಾನೇನು ಮಾಡ್ಲಿ? ಇದು ಸುಳ್ಳು ಅಂದ್ರೆ ಬೋಟು ವಾಪಸ್ ಹೋಗ್ತೈತೆ, ನಿನ್ನ ಮೇಲೆ ಕೇಸು ಆಗ್ತೈತೆ. ನಿಜ ಅಂದ್ರೆ ನಿನಗೆ ಅನುಭವ ಇಲ್ಲ. ನೀನೇ ಹೇಳು, ಯಾವುದು ಬರ್ಕೊಳ್ಲಿ?"

ಏನನ್ನೂ ಬರೆಸದೆ ಮೈಲಪ್ಪ ಮನೆಗೆ ಬಂದ. ಕೆಲಸ ಲಾಲ್ ಸಾಬ್ ಎಂಬವನಿಗೆ ಸಿಕ್ಕಿತು. ಮೈಸೂರಿನ ಕಡೆ ಒಂದು ಕೆರೆಯಲ್ಲಿ ಬೋಟು ನಡೆಸಿದ್ದವನು, ಸರ್ಟಿಫಿಕೇಟು ಇತ್ತು. ಪಾಪದ ಮನುಷ್ಯ. ಕೆರೆಯ ನೀರು ನಿಂತಿರುತ್ತದೆ, ಇದು ಓಡುತ್ತದೆ ಎಂದು ಮೊದಲ ದಿನವೇ ಗಾಬರಿಯಾಗಿ ಮೈಲಪ್ಪನ ಮನೆಗೆ ಬಂದು, "ಭಾಯಿ, ಈ ಹೊಳೆ ಒಳಗೆ ಕಲ್ಲು ಎಲ್ಲೆಲ್ಲಿ ಐತೆ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ. ಮೈಲಪ್ಪ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಹೊಳೆ ಬರೆದು ತೋರಿಸಿದ. ಸರ್ಟಿಫಿಕೇಟು ಇಲ್ಲದವನು ಹೇಳಿಕೊಟ್ಟ ದಾರಿಯಲ್ಲೇ ಸರ್ಕಾರಿ ಬೋಟು ನಾಲ್ಕು ತಿಂಗಳು ಓಡಾಡಿತು.

ಆ ನಾಲ್ಕು ತಿಂಗಳಲ್ಲಿ ಊರೂ ಬದಲಾಯಿತು. ಪುಸ್ತಕ ಓದಿ ಸೌಮ್ಯರಾದವರು ಸೌಮ್ಯರಾಗಿಯೇ ಉಳಿದರು. "ಆ ಕಡೆಯೋರು ಒರಟು ಬಿಡ್ರಿ," ಎನ್ನುವ ಮಾತು ಕಟ್ಟೆಯ ಮೇಲೆ ಕೇಳಿಬಂತು. ಆ ದಡದಲ್ಲಿ, "ಮೈಸೂರ ಮಂದಿ ಮೆತ್ತಗ ಮಾತಾಡಿ ಬಗಲಾಗ ಕತ್ತರಿ ಇಟ್ಕೊಂಡಿರ್ತಾರ," ಎಂದರು. ಗೌಡರ ಎತ್ತು ಮುಗ್ಗರಿಸಿ ಬಿದ್ದಾಗ ಆ ದಡದಿಂದ ಎತ್ತು ಬರಲಿಲ್ಲ. ಕೇಳುವುದಕ್ಕೆ ಇವರಿಗೆ ಸಂಕೋಚ, ಕೊಡುವುದಕ್ಕೆ ಅವರಿಗೆ ಬಿಗುಮಾನ. ಬಾಂಧವ್ಯ ಸಮಿತಿಯ ಮೂಲಕ ಅರ್ಜಿ ಹಾಕಿ ಎಂದು ಹಾಲೇಶಪ್ಪನವರು ಸಲಹೆ ಕೊಟ್ಟರು. ಹೆಣ್ಣು ಕೊಡುವ ಎರಡು ಮಾತುಕತೆಗಳು ಮುರಿದುಬಿದ್ದವು. ಗಡಿ ಇದ್ದಾಗ ಕಾಣದ ಗಡಿ, ಅಳಿಸಿದ ಮೇಲೆ ಎಲ್ಲರ ಕಣ್ಣಿಗೂ ಚೆನ್ನಾಗಿ ಕಾಣತೊಡಗಿತು.

ಸುಗ್ಗಿ ಬಂತು. ಮೈಲಪ್ಪ ಮೊರ ಹಿಡಿದು ಗೌಡರ ಕಣಕ್ಕೆ ಹೋದ. ಗೌಡರು ಎದ್ದು ಪಕ್ಕಕ್ಕೆ ಕರೆದರು.

"ಮೈಲಪ್ಪ, ತಪ್ಪು ತಿಳ್ಕೋಬ್ಯಾಡ. ಹೊಳೆ ಆಯ ಅಂತ ಒಂದು ಮೊರ ಕೊಟ್ರೂ ಹರಿಗೋಲು ಐತೆ ಅಂತಾಗ್ತೈತೆ. ದಾಖಲೆ ಕೆಡ್ತೈತೆ. ಬೇಕಾದ್ರೆ ಕೂಲಿಗೆ ಬಾ, ಕೆಲಸ ಕೊಡ್ತೀನಿ. ಆಯ ಅನ್ನಬ್ಯಾಡ."

"ಹೋದ ವರ್ಷದ ತನಕ ಕೊಟ್ಟಿದ್ದು ಏನಂತ ಕೊಟ್ರಿ ಗೌಡ್ರೆ?"

ಗೌಡರು ರಾಶಿಯ ಕಡೆ ತಿರುಗಿದರು. ಉಳಿದ ಕಣದವರೂ ಅದನ್ನೇ ಹೇಳಿದರು. ಆ ದಡಕ್ಕೆ ಹೋದರೆ ಅಲ್ಲೂ ಅಷ್ಟೇ: ನೀನು ಮೈಸೂರವ, ಅಲ್ಲೇ ಕೇಳು. ಖಾಲಿ ಮೊರ ಹಿಡಿದು ಬೋಟಿನಲ್ಲಿ ಕೂತು ಹಿಂದಕ್ಕೆ ಬರುವಾಗ ಮೈಲಪ್ಪನಿಗೆ ಜೀವ ರೋಸಿಹೋಯಿತು. ತನ್ನ ಹೊಳೆಯನ್ನು ತಾನೇ ಗಿರಾಕಿಯಾಗಿ ದಾಟುತ್ತಿದ್ದ.

ಪುಷ್ಯದಲ್ಲಿ ನೀರು ಇಳಿಯಿತು. ಪ್ರಗತಿ ವರದಿ ಬರೆಯಲು ಅಧಿಕಾರಿ ಬಂದದ್ದೂ ಆಗಲೇ. ಹಾಲೇಶಪ್ಪನವರೂ ಗೌಡರೂ ಅವರನ್ನು ಬೋಟಿನಲ್ಲಿ ಕೂರಿಸಿಕೊಂಡು ಹೊರಟರು. ಲಾಲ್ ಸಾಬ್ ಬೇಡ ಬೇಡ ಎಂದ, ಮರಳು ಮೇಲೆ ಬಂದಿದೆ ಎಂದ. ವರದಿಯಲ್ಲಿ ‘ಬೋಟು ನಿರಂತರ ಸಂಚರಿಸುತ್ತಿದೆ’ ಎಂದು ಬರೆಯಬೇಕಿತ್ತು, ಹಾಗಾಗಿ ಸಂಚರಿಸಲೇಬೇಕಿತ್ತು. ಅರ್ಧ ಹೊಳೆಯಲ್ಲಿ ಬೋಟು ಮರಳಿಗೆ ಏರಿ ಕೂತಿತು. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಒಂದು ಬದಿ ಮೊಣಕಾಲುದ್ದ ನೀರು, ಇನ್ನೊಂದು ಬದಿ ಆಳೆತ್ತರದ ಮಡು. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

ದಂಡೆಯ ಮೇಲೆ ಕೂತು ನೋಡುತ್ತಿದ್ದ ಮೈಲಪ್ಪನ ಕಡೆ ಲಾಲ್ ಸಾಬ್ ಟವೆಲ್ ಬೀಸಿದ. ಮೈಲಪ್ಪ ಎದ್ದು ಬಣವೆಯ ಹುಲ್ಲು ಕಿತ್ತೆಸೆದು, ಹಗಲು ಹನ್ನೊಂದು ಗಂಟೆಗೆ, ಎಲ್ಲರ ಕಣ್ಣೆದುರು ಹರಿಗೋಲನ್ನು ಎಳೆದು ನೀರಿಗೆ ಬಿಟ್ಟ. ತೊಗಲನ್ನು ಅಲ್ಲಲ್ಲಿ ಇಲಿ ಕಡಿದಿತ್ತು. ಆದರೂ ಹುಟ್ಟು ಕೈಗೆ ಬಂದದ್ದೇ ಭುಜದ ನೋವು ಮರೆತುಹೋಯಿತು. ಈಗಲಾದರೂ ಸಾಹೇಬರು ಕಣ್ಣಾರೆ ಕಂಡರಲ್ಲ, ಇನ್ನು ಕಾಗದ ಏನೇ ಹೇಳಲಿ ಎಂದು ಅವನಿಗೆ ಆಸೆ ಚಿಗುರಿತು.

ಮೂವರೂ ಹರಿಗೋಲಿಗೆ ಇಳಿದು ಕೂತರು. ಲಾಲ್ ಸಾಬ್ ಬೋಟು ಕಾಯುತ್ತ ಉಳಿದ. ಅಧಿಕಾರಿಗೆ ಜೀವ ಬಂದಂತಾಗಿ ಚೀಲದಿಂದ ಕಡತ ತೆಗೆದರು.

"ಶಹಬ್ಬಾಸ್ ಕಣಯ್ಯಾ. ಯಾವ ಊರು ನಿಂದು?"

"ಗೋವಿನಕಟ್ಟೆ ಸ್ವಾಮಿ. ನಾನು ಅಲ್ಲಿ ಅಂಬಿಗ. ಮೂವತ್ತು ವರ್ಷದಿಂದ ಈ ಎರಡೂ ದಡ ದಾಟ್ಸೀನಿ. ಅವತ್ತು ಒತ್ತಿದ ಹೆಬ್ಬೆಟ್ಟು ಸುಳ್ಳು. ಕೇಸು ಹಾಕ್ತೀರೋ, ಜೈಲಿಗೆ ಹಾಕ್ತೀರೋ ಹಾಕ್ರಿ. ನಾನು ಇದೀನಿ ಅಂತ ಬರ್ಕೊಳ್ರಿ."

ಹಾಲೇಶಪ್ಪನವರು ಕೆಮ್ಮಿದರು. ಅಧಿಕಾರಿ ಹಾಳೆ ತಿರುವಿದರು, ಇನ್ನೊಮ್ಮೆ ತಿರುವಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ತೊಂದರೆಗೆ ಸಿಕ್ಕಿಕೊಂಡವರ ಕಳೆ ಇತ್ತು.

"ಅದು ಆಗೋದಿಲ್ಲ ಕಣಯ್ಯಾ. ಈ ದಡದಲ್ಲಿ ಹೊಳೆ ದಾಟಿಸೋನು ಇಲ್ಲ ಅಂತ ಬೆಂಗಳೂರಿಗೆ ಹೋಗಿಬಿಟ್ಟಿದೆ. ಆದ್ದರಿಂದ ನೀನು ಆ ದಡದವನೇ ಇರಬೇಕು. ಎದುರು ದಡದ ಪ್ರಜೆಯೊಬ್ಬ ನೆರೆಯ ಪ್ರಾಂತದವರಿಗೆ ನೆರವಾದ ಅಂತ ಬರೀತೀನಿ. ಯೋಜನೆಗೂ ಒಳ್ಳೇದು. ಏನಂತೀರಿ ಗೌಡರೇ? ಇವನು ಆ ಕಡೆಯವನು ತಾನೇ?"

ಮೈಲಪ್ಪ ಹುಟ್ಟು ನಿಲ್ಲಿಸಿ ಗೌಡರ ಮುಖ ನೋಡಿದ. ಗೌಡರ ಮದುವೆಯ ದಿಬ್ಬಣವನ್ನು, ಬಾಣಂತನಕ್ಕೆ ಬಂದ ಅವರ ಅಕ್ಕನನ್ನು, ಅವರಪ್ಪನ ಅಸ್ಥಿಯನ್ನು ದಾಟಿಸಿದ್ದ ಹರಿಗೋಲು ಅದು. ಗೌಡರು ನೀರು ನೋಡುತ್ತ ಹೇಳಿದರು.

"ಹೂಂ ಸಾರ್. ಆ ಕಡೆಯವನೇ."

ಆ ಮಾತು ಮೈಲಪ್ಪನ ಎದೆಗೆ ನಾಟಿತು. ಕಚೇರಿಯವರು ಇಲ್ಲ ಎಂದರೆ ಅವರಿಗೆ ತನ್ನ ಗುರುತಿಲ್ಲ ಎಂದುಕೊಳ್ಳಬಹುದಿತ್ತು. ಇದು ಒಂದೇ ಬೀದಿಯವರು ಎದುರೇ ಕೂತು ಹೇಳಿದ ಮಾತು. ಒಂದು ಗಳಿಗೆ ಅವನ ಕಣ್ಣು ಮಂಜಾಯಿತು. ಆಮೇಲೆ ಸಿಟ್ಟು ಬಂತು. ಅದರ ಹಿಂದೆಯೇ ನಗೆಯೂ ಬಂತು. ಹುಟ್ಟನ್ನು ಬಲವಾಗಿ ಒತ್ತಿ ಹರಿಗೋಲನ್ನು ತಿರುಗಿಸಿದ.

"ಯಾಕೋ ಮೈಲಪ್ಪ, ಅತ್ಲಾಗೆ ಎಲ್ಲಿಗೆ?" ಎಂದು ಹಾಲೇಶಪ್ಪನವರು ಗಾಬರಿಯಾದರು.

"ನಮ್ಮೂರಿಗೆ ಸಾವ್ಕಾರ್ರೆ. ನಾನು ಆ ಕಡೆಯವನು ಅಂತ ಈಗಷ್ಟೇ ಬರ್ಕೊಂಡ್ರಲ್ಲ. ಹೊತ್ತು ಹೊತ್ತಿಗೆ ಮನೆ ಸೇರ್ಬೇಕು ನಾನು."

ಎಷ್ಟು ಕೂಗಿದರೂ ಅವನು ಹುಟ್ಟು ನಿಲ್ಲಿಸಲಿಲ್ಲ. ಹಿರೇಮಳಲಿಯ ದಡಕ್ಕೆ ಹರಿಗೋಲು ತಾಗಿಸಿ, ಒಬ್ಬೊಬ್ಬರ ಕೈ ಹಿಡಿದು ಜೋಪಾನವಾಗಿ ಇಳಿಸಿದ. ಗೌಡರು ಇಳಿಯದೆ ಕೂತಿದ್ದರು.

"ಮೈಲಪ್ಪ, ನನ್ನನ್ನಾದ್ರೂ ಊರಿಗೆ ಬಿಡೋ."

"ಯಾವೂರು ಗೌಡ್ರೆ? ಈ ಹೊಳೆ ಯಾರೂ ದಾಟೋದಿಲ್ಲ. ಹರಿಹರದ ಸೇತುವೆ ಮೇಲೆ ಹೋಗ್ಬೇಕು. ದಂಡೆ ಹಿಡಿದು ಹತ್ತು ಮೈಲಿ. ಈಗ ಹೊರಟ್ರೆ ಸಂಜೆಯೊಳಗೆ ಸೇತುವೆ ಮುಟ್ತೀರಿ."

ಗೌಡರೂ ಇಳಿದರು. ಅಧಿಕಾರಿ ಷೂಸು ಕೈಯಲ್ಲಿ ಹಿಡಿದು ನಡೆಯತೊಡಗಿದರು. ಹಾಲೇಶಪ್ಪನವರು ಧೋತರ ಎತ್ತಿ ಕಟ್ಟಿಕೊಂಡು ಹಿಂದೆ ಹೊರಟರು, ಮಾತು ನಿಂತುಹೋಗಿತ್ತು.

ಬಟ್ಟೆ ಒಗೆಯಲು ಬಂದಿದ್ದ ಹಂಪವ್ವ ಎಲ್ಲವನ್ನೂ ನೋಡುತ್ತ ಕಲ್ಲಿನ ಮೇಲೆ ಕೂತಿದ್ದಳು. ವರ್ಷಕ್ಕೆ ಮೇಲಾಗಿತ್ತು ಅವಳು ಅಳಿಯನೊಡನೆ ಮಾತಾಡಿ. ಎದ್ದು ಹರಿಗೋಲಿನ ಹತ್ತಿರ ಬಂದು ನಿಂತಳು.

"ಯಾರವರು?" ಎಂದು ಕೇಳಿದಳು.

"ಗೊತ್ತಿಲ್ಲ ಅತ್ತೆ. ಯಾರೋ ಸೌಮ್ಯ ಜನ."

ಹಂಪವ್ವನ ಮುಖದ ಬಿಗುವು ಸಡಿಲಾಯಿತು. ನಗಲಿಲ್ಲ. ಇಲಿ ಕಡಿದ ತೊಗಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮೈಲಪ್ಪ ಹುಟ್ಟನ್ನು ನೆಲಕ್ಕೂರಿ ತಲೆ ತಗ್ಗಿಸಿ ಹೇಳಿದ.

"ಅತ್ತೆ, ಅವತ್ತು ನಂದು ತಪ್ಪಾತು. ಎರಡೂ ದಡದಾಗ ಈಗ ನಾನು ಯಾರಿಗೂ ಏನೂ ಅಲ್ಲ. ಆಯ ಇಲ್ಲ, ನೌಕರಿ ಇಲ್ಲ. ನಾಳೆ ಕೂಲಿಗೆ ಹೋಗ್ಬೇಕು."

ಮುದುಕಿ ಒಗೆದ ಬಟ್ಟೆಯ ಗಂಟನ್ನು ಹರಿಗೋಲಿನೊಳಗೆ ಎಸೆದು, ಸೀರೆಯ ನೆರಿಗೆ ಎತ್ತಿ ಹಿಡಿದು, ಅವನ ಭುಜಕ್ಕೆ ಕೈಕೊಟ್ಟು ಹತ್ತಿ ಕೂತಳು.

"ಕೂಲಿಗೆ ನಾಳೆ ಹೋಗೀರಂತ," ಎಂದಳು. "ಈಗ ನಡೀರಿ, ನನ್ನ ಮಗಳನ್ನ ನೋಡಬೇಕು ನಾ."